ಕೊಡಗಿನ ಮಳೆಗಾಲದಲ್ಲಿ ಮೆಗಾಟ್ರಾನ್ ಆಟಿಕೆಯನ್ನು ಕಾಪಾಡಿಕೊಳ್ಳುವ ಬಗೆ

ರೂಪ ಬದಲಿಸುವ ಆಟಿಕೆಗಳನ್ನು ಪ್ರೀತಿಯಿಂದ ಕೂಡಿಟ್ಟುಕೊಳ್ಳುವವರ ಮನೆಯಲ್ಲಿ ಮೆಗಾಟ್ರಾನ್ ಒಂದಾದರೂ ಇರುತ್ತದೆ. ಟ್ರಾನ್ಸ್‌ಫಾರ್ಮರ್ಸ್ ಕಥೆಯ ಈ ಖಳನಾಯಕ, ಡಿಸೆಪ್ಟಿಕಾನ್ ಪಡೆಯ ಒಡೆಯ, ರೋಬೋಟ್ ರೂಪದಿಂದ ಪಿಸ್ತೂಲಿನ ರೂಪಕ್ಕೆ ತಿರುಗುತ್ತಾನೆ. ಕೊಡಗಿನಲ್ಲಿ ಈ ಆಟಿಕೆಯನ್ನು ಇಟ್ಟುಕೊಳ್ಳುವವರು ಎರಡು ವಿಷಯಗಳಲ್ಲಿ ಬೇರೆ ಊರಿನವರಿಗಿಂತ ಹೆಚ್ಚು ಎಚ್ಚರದಿಂದಿರಬೇಕು. ಮೊದಲನೆಯದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ, ಬಟ್ಟೆ, ಪುಸ್ತಕಗಳನ್ನೆಲ್ಲ ಹಿಡಿದು ಬಿಡದ ತೇವ. ಎರಡನೆಯದು, ನಿಜವಾದ ಕೋವಿ ಇರುವ ಮನೆಯಲ್ಲಿ ಪಿಸ್ತೂಲಿನಂತೆ ಕಾಣುವ ಆಟಿಕೆಯೂ ಇರುವುದು. ಇವೆರಡನ್ನೂ ಸರಿಯಾಗಿ ನಿಭಾಯಿಸಬೇಕಾದರೆ ಆಟಿಕೆ ಹೇಗೆ ಹುಟ್ಟಿತು, ಕಾರ್ಟೂನು ಅದನ್ನು ಹೇಗೆ ಮಾರ್ಪಡಿಸಿಕೊಂಡಿತು ಎಂಬುದು ಮೊದಲು ತಿಳಿದಿರಬೇಕು.

ಇಲ್ಲಿ ಆಟಿಕೆಯೇ ಮೊದಲು ಬಂದದ್ದು, ಕಥೆ ಆಮೇಲೆ. ಜಪಾನಿನ ಟಕಾರಾ ಕಂಪನಿಯು ತನ್ನ ಮೈಕ್ರೋಮ್ಯಾನ್ ಸರಣಿಯಲ್ಲಿ ವಾಲ್ಥರ್ ಪಿ-38 ಪಿಸ್ತೂಲಾಗಿ ಬದಲಾಗುವ ರೋಬೋಟ್ ಒಂದನ್ನು 1983ರಲ್ಲಿ ತಂದಿತ್ತು. ಆಗ ಅದಕ್ಕೆ ಮೆಗಾಟ್ರಾನ್ ಎಂಬ ಹೆಸರಾಗಲಿ ಖಳನ ಪಟ್ಟವಾಗಲಿ ಇರಲಿಲ್ಲ. ಅಮೆರಿಕದ ಹ್ಯಾಸ್ಬ್ರೋ ಕಂಪನಿ ಮೈಕ್ರೋಮ್ಯಾನ್ ಮತ್ತು ಡಯಾಕ್ಲೋನ್ ಎಂಬ ಎರಡು ಸರಣಿಗಳ ಆಟಿಕೆಗಳನ್ನು ಒಗ್ಗೂಡಿಸಿ 1984ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಎಂದು ಮಾರುಕಟ್ಟೆಗೆ ಬಿಟ್ಟಾಗ, ಅವುಗಳಿಗೆ ಹೆಸರು, ಸ್ವಭಾವ, ಹಗೆತನಗಳನ್ನು ಕಟ್ಟಿಕೊಡುವ ಕೆಲಸ ಮಾರ್ವೆಲ್ ಕಾಮಿಕ್ಸ್‌ನವರ ಪಾಲಿಗೆ ಬಂತು. ಮೆಗಾಟ್ರಾನ್ ಎಂಬ ಹೆಸರನ್ನು ಕೊಟ್ಟವರು ಅಲ್ಲಿನ ಬಾಬ್ ಬುಡಿಯಾನ್ಸ್ಕಿ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕಾರ್ಟೂನು ಪ್ರಸಾರವಾಗತೊಡಗಿತು, 1987ರ ಹೊತ್ತಿಗೆ 98 ಕಂತುಗಳನ್ನು ಮುಗಿಸಿತು. ಖಳನ ಗಡಸು ದನಿ ಫ್ರಾಂಕ್ ವೆಲ್ಕರ್ ಅವರದು.

ನಿಮ್ಮ ಕೈಯಲ್ಲಿರುವುದು ಯಾವ ಆವೃತ್ತಿ ಎಂಬುದನ್ನು ಮೊದಲು ಗುರುತಿಸಿಕೊಳ್ಳಿ, ಏಕೆಂದರೆ ಆರೈಕೆಯ ಕ್ರಮ ಅದರ ಮೇಲೆಯೇ ನಿಂತಿದೆ. 1980ರ ದಶಕದ ಮೂಲ ಆಟಿಕೆಯಲ್ಲಿ ಕನ್ನಡಿಯಂತೆ ಹೊಳೆಯುವ ಕ್ರೋಮ್ ಲೇಪನದ ಭಾಗಗಳಿವೆ. ಉಜ್ಜಿದಾಗ ಬೆರಳಿನ ಬಿಸಿಗೆ ಪಡೆಯ ಲಾಂಛನವನ್ನು ತೋರುವ ಚಿಕ್ಕ ಚೌಕ ಸ್ಟಿಕ್ಕರ್‌ಗಳು ಈ ಸರಣಿಗೆ ಬಂದದ್ದು 1985ರಲ್ಲಿ, 1984ರ ಮೊದಲ ಆಟಿಕೆಗಳಲ್ಲಿ ಅವು ಇರಲಿಲ್ಲ. 1990ರ ದಶಕದಲ್ಲಿ ಬಂದ ಮೆಗಾಟ್ರಾನ್ ಹಸಿರು ಬಣ್ಣದ ಯುದ್ಧ ಟ್ಯಾಂಕ್ ಆಗುತ್ತಾನೆ. ಟಕಾರಾ ಟೋಮಿ ಕಂಪನಿಯ ಮಾಸ್ಟರ್‌ಪೀಸ್ ಸರಣಿಯಲ್ಲಿ 2007ರಲ್ಲಿ ಒಂದು, 2017ರಲ್ಲಿ ಇನ್ನೊಂದು ಮತ್ತೆ ಪಿ-38 ಪಿಸ್ತೂಲಾಗಿಯೇ ಬಂದವು. ಇವುಗಳಲ್ಲಿ ಎರಡನೆಯದು ಕಾರ್ಟೂನಿನ ಚಿತ್ರಕ್ಕೆ ಬಹಳ ಹತ್ತಿರವಾಗಿದೆ.

ಮೂಲ ಆಟಿಕೆ ಮತ್ತು ಕಾರ್ಟೂನಿನ ನಡುವಿನ ಅಂತರವನ್ನು ದೋಷವೆಂದು ನೋಡುವವರು ಅದನ್ನು ತಿದ್ದಲು ಹೊರಟು ಆಟಿಕೆಯನ್ನೇ ಕೆಡಿಸುತ್ತಾರೆ. ಕೈಯಿಂದ ಹಾಳೆ ಹಾಳೆಯಾಗಿ ಬಣ್ಣ ತುಂಬಬೇಕಾಗಿದ್ದ ಕಾಲದಲ್ಲಿ ಕ್ರೋಮ್‌ನ ಪ್ರತಿಫಲನವನ್ನು ಪ್ರತಿ ಚೌಕಟ್ಟಿನಲ್ಲೂ ಬರೆಯುವುದು ಆಗದ ಮಾತಾಗಿತ್ತು, ಆದ್ದರಿಂದ ಪರದೆಯ ಮೆಗಾಟ್ರಾನ್ ತಿಳಿ ಬೂದು ಬಣ್ಣದವನಾದ. ಆಟಿಕೆಯ ದೇಹ ಪಿಸ್ತೂಲಿನ ಅಳತೆಗೆ ಬದ್ಧವಾಗಿರುವುದರಿಂದ ಕುದುರೆಗುಂಡಿ (ಟ್ರಿಗರ್) ಕಾಲುಗಳ ನಡುವೆಯೇ ಉಳಿಯುತ್ತದೆ. ಚಿತ್ರಕಾರರಿಗೆ ಆ ಕಟ್ಟುಪಾಡು ಇರಲಿಲ್ಲವಾದ್ದರಿಂದ ಅಗಲ ಎದೆಯನ್ನೂ ದಪ್ಪ ತೋಳನ್ನೂ ಕೊಟ್ಟರು. ಗಾತ್ರದ ವಿಷಯದಲ್ಲಂತೂ ಕಾರ್ಟೂನು ಪೂರ್ಣ ಸ್ವಾತಂತ್ರ್ಯ ತೆಗೆದುಕೊಂಡಿತು: ಮುಗಿಲೆತ್ತರದ ರೋಬೋಟ್ ಕ್ಷಣಮಾತ್ರದಲ್ಲಿ ಕುಗ್ಗಿ ತನ್ನದೇ ಪಡೆಯ ಸ್ಟಾರ್‌ಸ್ಕ್ರೀಮ್‌ನ ಅಂಗೈಯಲ್ಲಿ ಕೂರುತ್ತದೆ. ಪಿಸ್ತೂಲಿನ ದುರ್ಬೀನು ಬಲಗೈಯ ಫಿರಂಗಿಯಾಗುವ ಉಪಾಯ ಮಾತ್ರ ಎರಡರಲ್ಲೂ ಒಂದೇ, ಮತ್ತು ನನ್ನ ಮಟ್ಟಿಗೆ ಈ ವಿನ್ಯಾಸದ ಅತ್ಯಂತ ಸುಂದರ ಆಲೋಚನೆ ಅದೇ. 1986ರ ಚಲನಚಿತ್ರದಲ್ಲಿ ಮೆಗಾಟ್ರಾನ್ ಗ್ಯಾಲ್ವಟ್ರಾನ್ ಆಗಿ ಮಾರ್ಪಟ್ಟಾಗಲೂ ಇಂಥದೇ ಅಂತರ ಉಳಿಯಿತು. ಪರದೆಯಲ್ಲಿ ಅವನು ನೇರಳೆ ಬಣ್ಣದವನು, ಆಟಿಕೆಯಲ್ಲಿ ಬೂದು ಬಣ್ಣದವನು. ಹಳೆಯ ಗ್ಯಾಲ್ವಟ್ರಾನ್‌ಗೆ ನೇರಳೆ ಬಣ್ಣ ಬಳಿಯಬೇಡಿ, ಹಳೆಯ ಮೆಗಾಟ್ರಾನ್‌ನ ಕ್ರೋಮ್ ಮೇಲೆ ಬೂದು ಬಣ್ಣ ಹಚ್ಚಬೇಡಿ. ಕಾರ್ಟೂನಿನ ರೂಪವೇ ಬೇಕೆನ್ನುವವರಿಗೆ 2017ರ ಆವೃತ್ತಿ ಇದೆ.

ಇನ್ನು ತೇವದ ವಿಷಯ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು ಮಳೆಯಾಗುತ್ತದೆ. ಭಾಗಮಂಡಲದ ಕಡೆ ಅದಕ್ಕಿಂತಲೂ ಹೆಚ್ಚು, ಕುಶಾಲನಗರದ ಬಯಲಿನಲ್ಲಿ ಬಹಳ ಕಡಿಮೆ. ಆದ್ದರಿಂದ ಜಿಲ್ಲೆಯ ಎಲ್ಲರಿಗೂ ಒಂದೇ ಕ್ರಮ ಹೇಳಲಾಗದು. ಕೋಣೆಯ ತೇವಾಂಶ ತೋರಿಸುವ ಚಿಕ್ಕ ಡಿಜಿಟಲ್ ಮಾಪಕ ಕಡಿಮೆ ಬೆಲೆಗೆ ಸಿಗುತ್ತದೆ, ಮೊದಲು ಅದನ್ನು ಕೊಳ್ಳಿ. ಕಣದಲ್ಲಿ ಒಣಗಿದ ಕಾಫಿಯನ್ನು ಅಳತೆ ನೋಡದೆ ಚೀಲಕ್ಕೆ ತುಂಬದ ಬೆಳೆಗಾರನ ಶಿಸ್ತೇ ಇಲ್ಲಿಯೂ ಬೇಕು. ಆಟಿಕೆ ಇರುವ ಡಬ್ಬಿಯೊಳಗಿನ ತೇವಾಂಶ ಶೇಕಡಾ 40ರಿಂದ 50ರ ನಡುವೆ ನಿಂತರೆ ಸಾಕು. ಅದಕ್ಕಿಂತ ತೀರ ಒಣಗಿಸಿದರೆ ಸ್ಟಿಕ್ಕರ್‌ಗಳ ಅಂಟು ಬಿರುಕು ಬಿಡುತ್ತದೆ, ಹಳೆಯ ರಟ್ಟಿನ ಪೆಟ್ಟಿಗೆ ಮುರುಟುತ್ತದೆ.

ಮಳೆ ಹಿಡಿಯುವ ಮೊದಲೇ, ಮೇ ತಿಂಗಳ ಒಣ ಹವೆಯಲ್ಲಿ, ಆಟಿಕೆಯನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಸೇರಿಸಬೇಕು. ಮಳೆ ಶುರುವಾದ ಮೇಲೆ ಮುಚ್ಚಿದರೆ ತೇವವನ್ನೂ ಒಳಗೇ ಮುಚ್ಚಿಟ್ಟಂತಾಗುತ್ತದೆ. ಡಬ್ಬಿಯ ತಳದಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಕಾಳುಗಳನ್ನು ತೆಳು ಹತ್ತಿ ಬಟ್ಟೆಯಲ್ಲಿ ಕಟ್ಟಿಡಿ. ಹತ್ತು ಲೀಟರ್ ಡಬ್ಬಿಗೆ ನೂರು ಗ್ರಾಂ ಧಾರಾಳ. ಕಾಳುಗಳ ಬಣ್ಣ ತಿರುಗಿದಾಗ ಸುಮಾರು 120 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒಂದೆರಡು ಗಂಟೆ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತವೆ. ನೀಲಿ ಕಾಳುಗಳಲ್ಲಿ ಕೋಬಾಲ್ಟ್ ಲವಣ ಇರುವುದರಿಂದ ಅಡುಗೆಯ ಪಾತ್ರೆಯನ್ನು ಈ ಕೆಲಸಕ್ಕೆ ಬಳಸಲೇಬಾರದು, ಮಕ್ಕಳಿರುವ ಮನೆಯಲ್ಲಿ ಕಿತ್ತಳೆ ಬಣ್ಣದ ಕಾಳುಗಳನ್ನೇ ಆರಿಸಿಕೊಳ್ಳಬೇಕು. ವಿದ್ಯುತ್ತಿನಿಂದ ನಡೆಯುವ ತೇವ ತೆಗೆಯುವ ಯಂತ್ರಕ್ಕಿಂತ ನಾನು ಈ ಕಾಳುಗಳನ್ನೇ ಹೆಚ್ಚು ನಂಬುತ್ತೇನೆ, ಏಕೆಂದರೆ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋಗುವ ದಿನಗಳಲ್ಲೇ ಆಟಿಕೆಗೆ ರಕ್ಷಣೆ ಬೇಕಾಗಿರುತ್ತದೆ.

ನಮ್ಮ ಮನೆಗಳಲ್ಲಿ ರೂಢಿಯಲ್ಲಿರುವ ಕೆಲವು ಉಪಾಯಗಳು ಈ ಆಟಿಕೆಗೆ ಒಗ್ಗುವುದಿಲ್ಲ. ಬಟ್ಟೆಯ ಬೀರುವಿನಲ್ಲಿಡುವ ನ್ಯಾಫ್ತಲೀನ್ ಗುಳಿಗೆಯ ಆವಿ ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುವುದು ನಿಜವಾದರೂ ಹೊಗೆಯ ಜಿಡ್ಡು ಕ್ರೋಮ್ ಮೇಲೆ ಕೂತರೆ ಉಜ್ಜದೆ ಹೋಗುವುದಿಲ್ಲ, ಉಜ್ಜಿದರೆ ಕ್ರೋಮ್ ಉಳಿಯುವುದಿಲ್ಲ. ಮೋಡ ಸರಿದು ಬಿಸಿಲು ಕಂಡೊಡನೆ ಅಂಗಳದಲ್ಲಿ ಒಣಗಿಸುವುದೂ ಸಲ್ಲದು, ಏಕೆಂದರೆ ನೇರ ಬಿಸಿಲಿಗೆ ಹಳೆಯ ಪ್ಲಾಸ್ಟಿಕ್ ಹಳದಿಗಟ್ಟುತ್ತದೆ. ಗಾಳಿಯಾಡುವ ನೆರಳು ಸಾಕು. ಮೆದು ರಬ್ಬರಿನಂಥ ಪಿವಿಸಿ ಬೊಂಬೆಗಳನ್ನು ಅದೇ ಡಬ್ಬಿಯಲ್ಲಿ ತಾಗಿಸಿ ಇಡಬೇಡಿ, ಅವುಗಳಿಂದ ಜಿನುಗುವ ಎಣ್ಣೆಯಂಥ ದ್ರವ್ಯ ಗಟ್ಟಿ ಪ್ಲಾಸ್ಟಿಕ್ಕಿನ ಮೇಲೆ ಕಲೆ ಉಳಿಸುತ್ತದೆ. ಗ್ಯಾಲ್ವಟ್ರಾನ್ ಇದ್ದರೆ ಅದರ ಬೆಳಕು ಮತ್ತು ಸದ್ದಿನ ಬ್ಯಾಟರಿಗಳನ್ನು ತೆಗೆದಿಡಿ.

ಕ್ರೋಮ್ ಎಂದು ನಾವು ಕರೆಯುವುದು ಪ್ಲಾಸ್ಟಿಕ್ಕಿನ ಮೇಲೆ ನಿರ್ವಾತದಲ್ಲಿ ಕೂರಿಸಿದ ಅತಿ ತೆಳು ಲೋಹದ ಪದರ. ಅದರ ಅಂಚು ಎಲ್ಲಿ ಸವೆದಿದೆಯೋ ಅಲ್ಲಿಂದ ತೇವ ಒಳಸರಿದು ಪದರ ಏಳುತ್ತದೆ. ಆದ್ದರಿಂದ ಸ್ಪಿರಿಟ್, ಸ್ಯಾನಿಟೈಸರ್, ಗಾಜು ಒರೆಸುವ ದ್ರಾವಣ, ಟೂತ್‌ಪೇಸ್ಟ್ ಯಾವುದನ್ನೂ ಹತ್ತಿರ ತರಬಾರದು. ಬೂಷ್ಟು ಕಾಣಿಸಿಕೊಂಡರೆ ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಮನೆಯ ಹೊರಗೆ, ಒಣಗಿದ ಮೆದು ಕುಂಚದಿಂದ ಒಂದೇ ದಿಕ್ಕಿಗೆ ಹಗುರವಾಗಿ ಸವರಿ ತೆಗೆಯಿರಿ. ಕ್ರೋಮ್ ಇಲ್ಲದ, ಸ್ಟಿಕ್ಕರ್ ಇಲ್ಲದ ಭಾಗಗಳನ್ನು ಮಾತ್ರ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಸೇರಿಸಿ, ಹಿಂಡಿದ ಬಟ್ಟೆಯಿಂದ ಒರೆಸಬಹುದು. ನೀರಿನಲ್ಲಿ ಮುಳುಗಿಸಿದರೆ ಒಳಗಿನ ಸ್ಪ್ರಿಂಗ್ ಮತ್ತು ಸ್ಕ್ರೂಗಳಿಗೆ ತುಕ್ಕು ಹಿಡಿಯುತ್ತದೆ. ಸ್ಕ್ರೂ ಬಿಚ್ಚಲೇಬೇಕಾಗಿ ಬಂದರೆ ಜಪಾನಿ ಅಳತೆಯ ಸ್ಕ್ರೂಡ್ರೈವರ್ ಬಳಸಿ, ಸಾಮಾನ್ಯ ನಕ್ಷತ್ರದ ಮೊನೆ ಅದರ ತಲೆಯಲ್ಲಿ ಸರಿಯಾಗಿ ಕೂರದೆ ಜಾರಿ ತಲೆಯನ್ನೇ ಸವೆಸುತ್ತದೆ. ಸಡಿಲವಾದ ಕೀಲಿಗೆ ಸೂಪರ್‌ಗ್ಲೂ ಸವರಿ ಒಣಗಿಸುವ ಪದ್ಧತಿ ಆಟಿಕೆಪ್ರಿಯರಲ್ಲಿದೆ. ಆ ಅಂಟು ಗಾಳಿಯ ತೇವದಿಂದಲೇ ಗಟ್ಟಿಯಾಗುವಂಥದು, ತೇವ ಹೆಚ್ಚಿದ್ದರೆ ಅದರ ಆವಿ ಸುತ್ತಲೂ ಬಿಳಿ ಮಂಜಿನಂತೆ ಅಂಟಿಕೊಳ್ಳುತ್ತದೆ. ಕ್ರೋಮ್ ಮೇಲೆ ಆ ಬಿಳುಪು ಕೂತರೆ ತೆಗೆಯುವ ದಾರಿಯಿಲ್ಲ. ಈ ರಿಪೇರಿಯನ್ನು ಫೆಬ್ರವರಿ ಅಥವಾ ಮಾರ್ಚ್ ತಿಂಗಳಿಗೆ ಮೀಸಲಿಡಿ.

ರೂಪ ಬದಲಿಸುವಾಗ ಅವಸರ ಬೇಡ. ಜೊತೆಗೆ ಬಂದ ಸೂಚನಾ ಹಾಳೆ ಇದ್ದರೆ ಅದರ ಕ್ರಮವನ್ನೇ ಅನುಸರಿಸಿ, ಇಲ್ಲದಿದ್ದರೆ ಪ್ರತಿ ಹಂತವನ್ನೂ ಫೋನಿನಲ್ಲಿ ಚಿತ್ರ ತೆಗೆದುಕೊಳ್ಳುತ್ತ ಸಾಗಿ. ದುರ್ಬೀನು ಮುಂತಾದ ಬಿಡಿಭಾಗಗಳನ್ನು ಮೊದಲು ಕಳಚಿಡಿ. ಕ್ರೋಮ್ ಭಾಗವನ್ನು ಹಿಡಿದು ತಿರುಗಿಸದೆ ಕೀಲಿಗೆ ಆದಷ್ಟು ಹತ್ತಿರ ಹಿಡಿಯಿರಿ, ಕೈಗೆ ಹತ್ತಿಯ ಕೈಗವಸು ಇರಲಿ. ಡಿಸೆಂಬರ್ ಚಳಿಯ ಮುಂಜಾನೆ ಪ್ಲಾಸ್ಟಿಕ್ ಪೆಡಸಾಗಿರುತ್ತದೆ, ಹೊತ್ತೇರಿದ ಮೇಲೆ ಈ ಕೆಲಸಕ್ಕೆ ಕೂರುವುದು ಲೇಸು.

ಪ್ರದರ್ಶನಕ್ಕೆ ನಿಲ್ಲಿಸುವಾಗ ಕಾರ್ಟೂನಿನ ಛಾಯೆ ಬೇಕೆಂದರೆ ಬಣ್ಣದ ಬದಲು ಬೆಳಕನ್ನು ಬಳಸಿಕೊಳ್ಳಿ. ಎಲ್‌ಇಡಿ ದೀಪದ ಮುಂದೆ ತೆಳು ಬಿಳಿ ಬಟ್ಟೆ ಕಟ್ಟಿ ಹಿಂದೆ ಬೂದು ಹಾಳೆ ಇಟ್ಟರೆ ಕ್ರೋಮ್ ತನ್ನ ಥಳಕನ್ನು ಬಿಟ್ಟು ಪರದೆಯ ತಿಳಿ ಬೂದಿಗೆ ಹತ್ತಿರವಾಗಿ ಕಾಣುತ್ತದೆ. ಸ್ಟಾರ್‌ಸ್ಕ್ರೀಮ್‌ನ ಕೈಗೆ ಪಿಸ್ತೂಲು ಕೊಡುವ ದೃಶ್ಯ ಬೇಕಿದ್ದರೆ ಚಿಕ್ಕ ಬಿಡಿ ಪಿಸ್ತೂಲೊಂದನ್ನು ಬೇರೆಯಾಗಿ ಹೊಂದಿಸಿಕೊಳ್ಳಬೇಕು.

ಇನ್ನು ಕೋವಿಯ ವಿಷಯ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ವಿಸ್ತರಿಸಿದೆ. ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತದಂದು ಕೋವಿಗೆ ತೋಕ್ ಪೂ ಎಂಬ ಹೂವನ್ನು ಮುಡಿಸಿ ಪೂಜಿಸುವ ಮನೆಗಳಲ್ಲಿ ಅದು ಆಟದ ವಸ್ತುವಲ್ಲ ಎಂಬ ಪಾಠ ಮಕ್ಕಳಿಗೆ ಬಾಲ್ಯದಲ್ಲೇ ಸಿಗುತ್ತದೆ. ಅದೇ ಮನೆಯಲ್ಲಿ ಎಳೆದು ಆಡಬಹುದಾದ ಪಿಸ್ತೂಲು ಕಣ್ಣಿಗೆ ಬೀಳುವಂತಿದ್ದರೆ ಆ ಪಾಠ ಸಡಿಲವಾಗುತ್ತದೆ. ಹಾಗಾಗಿ ಮೆಗಾಟ್ರಾನ್ ಯಾವಾಗಲೂ ರೋಬೋಟ್ ರೂಪದಲ್ಲೇ ನಿಂತಿರಲಿ, ಕೋವಿ ಇರುವ ಕೋಣೆಯಲ್ಲಿ ಬೇಡ, ಪೂಜೆಯ ಸಾಲಿನಲ್ಲಂತೂ ಬೇಡವೇ ಬೇಡ. ಪಿಸ್ತೂಲಿನ ರೂಪಕ್ಕೆ ತಿರುಗಿಸುವಾಗ ದೊಡ್ಡವರೊಬ್ಬರು ಜೊತೆಯಲ್ಲಿರಬೇಕು. ಬಸ್ಸಿನಲ್ಲಿ ಒಯ್ಯುವಾಗ ಅಥವಾ ಕೊರಿಯರ್ ಮೂಲಕ ಕಳುಹಿಸುವಾಗ ರೋಬೋಟ್ ರೂಪದಲ್ಲೇ ಇಟ್ಟು, ಬಿಡಿಭಾಗಗಳನ್ನು ಬೇರೆ ಚೀಲಕ್ಕೆ ಹಾಕಿ, ಪೊಟ್ಟಣದ ಹೊರಗೂ ಒಳಗೂ ಆಟಿಕೆ ಎಂದು ಸ್ಪಷ್ಟವಾಗಿ ಬರೆಯಿರಿ.