ಮೀನಿನ ತಲೆ, ಜೋನಿ ಬೆಲ್ಲ, ಒಂದು ಡಬ್ಬ

ಕುಮಟಾದ ಮೀನುಪೇಟೆಯಲ್ಲಿ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಿಂತು ನೋಡಿ. ಬಂಗಡೆಯ ತಲೆ, ಕಿವಿರು, ಕರುಳು ಬುಟ್ಟಿಗಟ್ಟಲೆ ಬಿದ್ದಿರುತ್ತದೆ. ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ನಮ್ಮ ಬಸಳೆ ಚಪ್ಪರಕ್ಕೆ, ತೆಂಗಿಗೆ, ಮಲ್ಲಿಗೆಗೆ ಸೇರಬೇಕಾದ ಊಟ ಅದು. ಕರಾವಳಿಯಲ್ಲಿ ಹಿಂದಿನವರು ಮೀನನ್ನು ತೆಂಗಿನ ಬುಡಕ್ಕೆ ಹಾಕುತ್ತಿದ್ದರು. ಅದನ್ನೇ ನಾತವಿಲ್ಲದ ದ್ರವ ಗೊಬ್ಬರ ಮಾಡಿಕೊಳ್ಳಬಹುದು. ನಾನು ಮನೆಯಲ್ಲಿ ಮಾಡುವ ರೀತಿಯನ್ನು ಇಲ್ಲಿ ಹೇಳುತ್ತೇನೆ.

ಮೊದಲು ಒಂದು ದೂರದ ಊರಿನ ಮಾತು. ಬಿಯರ್ ತಯಾರಾದ ಮೇಲೆ ತೊಟ್ಟಿಯಲ್ಲಿ ಯೀಸ್ಟ್‌ನ ಗಸಿ ಉಳಿಯುತ್ತದೆ. ಇಂಗ್ಲೆಂಡಿನ ಬರ್ಟನ್‌ನಲ್ಲಿ 1902ರಲ್ಲಿ ಆ ಗಸಿಯಿಂದಲೇ ಮಾರ್ಮೈಟ್ ಎಂಬ ಕಪ್ಪು ಲೇಹ್ಯ ಮಾಡಲು ಶುರುಮಾಡಿದರು. ಬ್ರೆಡ್ಡಿಗೆ ಹಚ್ಚಿ ತಿನ್ನುತ್ತಾರೆ. ಯೀಸ್ಟ್‌ಗೆ ಉಪ್ಪು ಹಾಕಿ ಹದವಾಗಿ ಬಿಸಿ ಮಾಡಿದರೆ ಅದು ಸಾಯುತ್ತದೆ. ಆಮೇಲೆ ಅದರೊಳಗಿನ ಕಿಣ್ವಗಳೇ ಅದರ ಪ್ರೋಟೀನನ್ನು ಕತ್ತರಿಸಿ ಅಮಿನೊ ಆಮ್ಲ ಮಾಡುತ್ತವೆ. ತನ್ನನ್ನು ತಾನೇ ಅರಗಿಸಿಕೊಳ್ಳುತ್ತದೆ ಅನ್ನಿ.

ನಮ್ಮ ಜಿಲ್ಲೆಯ ಮೀನಿನಲ್ಲೂ ನಡೆಯುವುದು ಇದೇ. ಮೀನಿನ ಹೊಟ್ಟೆಯೊಳಗೆ ಅರಗಿಸುವ ಕಿಣ್ವಗಳು ತುಂಬಿರುತ್ತವೆ. ಮೀನು ಸತ್ತರೂ ಅವು ಕೆಲಸ ನಿಲ್ಲಿಸುವುದಿಲ್ಲ. ಹಾಗಾಗಿ ಕರಗಿಸುವ ಕೆಲಸ ನಮ್ಮದಲ್ಲ. ಅದು ಮುಗಿಯುವವರೆಗೆ ಕೊಳೆಯದಂತೆ ಕಾಯುವುದಷ್ಟೇ ನಮ್ಮ ಕೆಲಸ. ಕಾಯುವುದು ಬೆಲ್ಲ.

ಬೇಕಾಗುವುದು ಇಷ್ಟು: 5 ಕಿಲೊ ಹಸಿ ಮೀನಿನ ತ್ಯಾಜ್ಯ, 5 ಕಿಲೊ ಬೆಲ್ಲ, 20 ಲೀಟರಿನ ಪ್ಲಾಸ್ಟಿಕ್ ಡಬ್ಬ, ಹಳೆಯ ಹತ್ತಿ ಬಟ್ಟೆ, ದಾರ. ಲೋಹದ ಪಾತ್ರೆ ಬೇಡ, ಹುಳಿಗೆ ತುಕ್ಕು ಹಿಡಿಯುತ್ತದೆ.

ಮೀನು ಅಂದಂದಿನದೇ ಇರಲಿ. ಮಾರುವ ಅಕ್ಕಂದಿರಿಗೆ ಹಿಂದಿನ ದಿನವೇ ಹೇಳಿಟ್ಟರೆ ತೆಗೆದಿಡುತ್ತಾರೆ. ಹೊಟ್ಟೆಯ ಭಾಗ ಬಿಡಬೇಡಿ, ಕಿಣ್ವ ಇರುವುದೇ ಅಲ್ಲಿ. ಉಪ್ಪು ಹಾಕಿದ ಒಣಮೀನಿನ ಚೂರು ಮಾತ್ರ ಬೇಡವೇ ಬೇಡ. ಆ ಉಪ್ಪು ಗಿಡದ ಬುಡಕ್ಕೆ ಕೇಡು. ಸಿಗಡಿ ಸಿಪ್ಪೆಯೂ ಈ ಡಬ್ಬದಲ್ಲಿ ಕರಗುವುದಿಲ್ಲ. ಅದನ್ನು ಗೊಬ್ಬರ ಗುಂಡಿಗೆ ಹಾಕಿ, ಮೇಲೆ ದರಕು, ಅಂದರೆ ಒಣಗಿದ ಎಲೆ, ಮುಚ್ಚಿ.

ಇನ್ನು ಬೆಲ್ಲ. ತಿನ್ನುವ ಒಳ್ಳೆ ಬೆಲ್ಲ ಬೇಕಿಲ್ಲ. ಕಪ್ಪಾದ, ಕರಗಿ ಅಂಟಾದ ಬೆಲ್ಲ ಸಾಕು. ಶಿರಸಿ ಕಡೆಯವರ ಮನೆಯಲ್ಲಿ ಹಳೆಯ ಜೋನಿ ಬೆಲ್ಲ (ಅಚ್ಚು ಕಟ್ಟದ, ಸುರಿಯುವ ಬೆಲ್ಲ) ನೊರೆ ಬಿಟ್ಟು ಹುಳಿ ಬಂದಿದ್ದರೆ ಅದು ಇನ್ನೂ ಒಳ್ಳೆಯದು. ಆ ನೊರೆ ಯೀಸ್ಟ್‌ನದೇ ಕೆಲಸ. ಬಿಯರ್ ತೊಟ್ಟಿಯಲ್ಲಿ ಕೆಲಸ ಮಾಡುವ ಯೀಸ್ಟ್‌ನ ಬಳಗವೇ ನಮ್ಮ ಬೆಲ್ಲದ ಕೊಡದಲ್ಲೂ ಇದೆ, ಅಲ್ವಾ? ಆದರೆ ಜೋನಿಯಲ್ಲಿ ನೀರಿನಂಶ ಜಾಸ್ತಿ. 5 ಕಿಲೊ ಮೀನಿಗೆ 6 ಕಿಲೊ ಹಾಕಿ. ಗೇರುಹಣ್ಣು ಸುಮ್ನೆ ಬಿದ್ದು ಹೋಗುತ್ತದೆ, ಅದನ್ನೇ ಹಾಕೋಣವೇ ಎಂದು ಹಲವರು ಕೇಳುತ್ತಾರೆ. ಬೆಲ್ಲದ ಜಾಗಕ್ಕೆ ಅದು ಬರುವುದಿಲ್ಲ. ಅದರ ರಸದಲ್ಲಿ ಸಕ್ಕರೆ ನೂರಕ್ಕೆ ಸುಮಾರು 10 ಭಾಗ, ಉಳಿದದ್ದು ಹೆಚ್ಚಾಗಿ ನೀರು.

ಬೆಲ್ಲಕ್ಕೆ ಜಿಪುಣತನ ಮಾಡಬೇಡಿ. ಮೊದಲ ಸಲ ನಾನು ಮೀನಿನ ಅರ್ಧದಷ್ಟು ಬೆಲ್ಲ ಹಾಕಿದ್ದೆ. ಐದನೇ ದಿನ ತೆರೆದರೆ ಹುಳ, ತಲೆ ತಿರುಗುವ ನಾತ. ಪಕ್ಕದ ಮನೆಯ ಚಿಕ್ಕಮ್ಮ ಎರಡು ದಿನ ಕಿಟಕಿ ತೆರೆಯಲಿಲ್ಲ. ಎಲ್ಲವನ್ನೂ ಹೂತು ಹಾಕಿದೆ. ಕಾರಣ ಆಮೇಲೆ ತಿಳಿಯಿತು. ಬೆಲ್ಲ ಮೀನಿನ ನೀರನ್ನು ಹೊರಗೆಳೆಯುತ್ತದೆ. ಅಷ್ಟು ಸಿಹಿಯಲ್ಲಿ ಕೊಳೆಸುವ ಬ್ಯಾಕ್ಟೀರಿಯಾ ಬದುಕುವುದು ಕಷ್ಟ. ಹುಳಿ ಬರಿಸುವ ಜೀವಿಗಳು ಮಾತ್ರ ಬೆಳೆಯುತ್ತವೆ. ಹುಳಿ ಬಂತೆಂದರೆ ಕೊಳೆತ ಇನ್ನೂ ಹಿಂದೆ ಸರಿಯುತ್ತದೆ. ಬೆಲ್ಲ ಕಡಿಮೆಯಾದರೆ ಈ ಲೆಕ್ಕ ಪೂರ್ತಿ ತಿರುಗಿಬೀಳುತ್ತದೆ.

ತ್ಯಾಜ್ಯವನ್ನು ಬುಟ್ಟಿಯಲ್ಲಿ ಅರ್ಧ ಗಂಟೆ ಇಟ್ಟು ನೀರು ಬಸಿಯಿರಿ. ಮೆಟ್ಟುಗತ್ತಿಯಲ್ಲಿ ಎರಡು ಇಂಚಿನ ತುಂಡು ಮಾಡಿ. ಡಬ್ಬದ ತಳಕ್ಕೆ ಪುಡಿ ಮಾಡಿದ ಬೆಲ್ಲ, ಅದರ ಮೇಲೆ ಮೀನು, ಮತ್ತೆ ಬೆಲ್ಲ. ಹೀಗೆ ಪದರ ಪದರವಾಗಿ ಹಾಕುತ್ತ ಬನ್ನಿ. ಕೊನೆಯ ಪದರ ಬೆಲ್ಲದ್ದು, ದಪ್ಪಗಿರಲಿ. ಮೀನಿನ ಒಂದು ಚೂರೂ ಮೇಲೆ ಕಾಣಬಾರದು. ನೀರು ಒಂದು ಹನಿಯೂ ಬೇಡ. ಡಬ್ಬದ ಮೂರನೇ ಒಂದು ಭಾಗವಾದರೂ ಖಾಲಿ ಇರಬೇಕು, ನೊರೆ ಏಳುತ್ತದೆ.

ಬಾಯಿಗೆ ಬಟ್ಟೆ ಬಿಗಿದು ಕಟ್ಟಿ, ಮುಚ್ಚಳವನ್ನು ಸಡಿಲವಾಗಿ ಇಡಿ. ಒಳಗೆ ಗ್ಯಾಸ್ ಹುಟ್ಟುತ್ತದೆ, ಬಿಗಿ ಮಾಡಿದರೆ ಡಬ್ಬ ಸಿಡಿಯಬಹುದು. ಬಿಸಿಲು, ಮಳೆ ತಾಗದ ಕೊಟ್ಟಿಗೆ ಮೂಲೆ ಒಳ್ಳೆಯದು. ಬೆಕ್ಕು, ಹೆಗ್ಗಣ ಬರದಂತೆ ಮೇಲೊಂದು ಕಲ್ಲು ಹೇರಿ. ಮೂರು ದಿನ ಮುಟ್ಟಬೇಡಿ. ಆಮೇಲೆ ವಾರಕ್ಕೆ ಎರಡು ಸಲ ಮರದ ಕೋಲಿನಲ್ಲಿ ಕಲಕಿ.

ಮೂಗೇ ಇಲ್ಲಿ ಪರೀಕ್ಷಕ. ಹಳೆ ಬೆಲ್ಲದ, ಹುಳಿಹಣ್ಣಿನ ವಾಸನೆ ಬಂದರೆ ಸರಿ ಇದೆ. ಕೊಳೆತ ನಾತ ಶುರುವಾದರೆ ಅಂದೇ ಅರ್ಧ ಕಿಲೊ ಬೆಲ್ಲ ಸೇರಿಸಿ ಕಲಕಿ. ನಮ್ಮ ಕರಾವಳಿಯ ಸೆಕೆಗೆ 25ರಿಂದ 30 ದಿನದಲ್ಲಿ ಮಾಂಸ ಕರಗಿ ಕಂದು ರಸವಾಗುತ್ತದೆ. ಮೇಲೆ ತೇಲುವ ಎಣ್ಣೆ ತೆಗೆದು, ಬಟ್ಟೆಯಲ್ಲಿ ಸೋಸಿ ಬಾಟಲಿಗೆ ತುಂಬಿ. ಮೊದಲ ವಾರ ಬಾಟಲಿ ಮುಚ್ಚಳವೂ ಸಡಿಲ ಇರಲಿ. ಮಕ್ಕಳ ಕೈಗೆ ಸಿಗದಂತೆ ಇಡಿ.

ಒಂದು ಲೀಟರ್ ನೀರಿಗೆ 5 ಮಿಲಿ, ಅಂದರೆ ಒಂದು ಟೀ ಚಮಚ. ಇದು ಎಲೆಗೆ ಸಿಂಪಡಿಸಲು. ಬುಡಕ್ಕೆ ಹಾಕುವುದಾದರೆ 10 ಮಿಲಿ. ಎಳೆ ಸಸಿಗೆ 2 ಮಿಲಿಗಿಂತ ಜಾಸ್ತಿ ಬೇಡ. 15 ದಿನಕ್ಕೊಮ್ಮೆ, ಸಂಜೆ ಹೊತ್ತು. ಇದರಲ್ಲಿ ಹೆಚ್ಚಿರುವುದು ಸಾರಜನಕ. ಬಸಳೆ, ಹರಿವೆಗೆ ಚೆನ್ನಾಗಿ ಹಿಡಿಸುತ್ತದೆ, ಆದರೆ ಕೊಯ್ಯುವ ವಾರ ಸೊಪ್ಪಿನ ಮೇಲೆ ಸಿಂಪಡಿಸಬೇಡಿ. ಬೆಂಡೆ, ಹೀರೆ ಹೂ ಬಿಡುವಾಗ ಕಡಿಮೆ ಮಾಡಿ, ಇಲ್ಲದಿದ್ದರೆ ಎಲೆಯೇ ಎಲೆ. ತೆಂಗಿಗೆ ಪೊಟ್ಯಾಶ್ ಬಹಳ ಬೇಕು, ಅದನ್ನು ಇದರಿಂದ ಪೂರೈಸಲು ಆಗದು. ಬೂದಿ, ಕೊಟ್ಟಿಗೆ ಗೊಬ್ಬರ ಬಿಡಬೇಡಿ. ಅಡಿಕೆಗೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಜೊತೆ ಇದನ್ನು ಬೆರೆಸಬೇಡಿ. ಅದರಲ್ಲಿರುವ ತಾಮ್ರಕ್ಕೂ ಇದಕ್ಕೂ ಆಗಿಬರುವುದಿಲ್ಲ.

ಜೂನ್ 1ರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ತದಡಿ, ಬೇಲೇಕೇರಿ ಬಂದರು ಖಾಲಿ. ಹಾಗಾಗಿ ಏಪ್ರಿಲ್‌ನಲ್ಲೇ ಡಬ್ಬ ಹಾಕಿಬಿಡಿ. ಮಳೆಗಾಲದ ತರಕಾರಿ ಸಸಿ ಏಳುವ ಹೊತ್ತಿಗೆ ರಸ ಸಿದ್ಧ ಇರುತ್ತದೆ.

ಸೋಸಿದ ಮೇಲೆ ಉಳಿಯುವ ಮೂಳೆ, ಗಸಿಯನ್ನು ತೆಂಗಿನ ಬುಡದಿಂದ ಮೂರಡಿ ದೂರದಲ್ಲಿ, ಒಂದಡಿ ಆಳಕ್ಕೆ ಹೂಳಿ. ಮೇಲೆ ಮುಳ್ಳಿನ ಕೊಂಬೆ ಹಾಕಿ, ಇಲ್ಲದಿದ್ದರೆ ರಾತ್ರಿಯೇ ನಾಯಿ ಕೆದರುತ್ತದೆ.