ನಲ್ಲಿಯೊಳಗೆ ಬಂದ ಕರೆಂಟು

ಧಾರವಾಡದ ಮಾಳಮಡ್ಡಿಯ ಆ ಹಂಚಿನ ಮನೆಗೆ ನನ್ನನ್ನು ಕರೆದಿದ್ದು ಎರಡು ಫ್ಯಾನ್ ಹಾಕೋಕೆ. ಕೆಲಸ ಮುಗಿಸಿ ಕೈ ತೊಳೆಯಲು ಬಚ್ಚಲಿಗೆ ಹೋದೆ. ಹಿಂದಿನಿಂದ ಆಯಿ ಕೂಗಿದರು: "ತಮ್ಮಾ, ಮಣಿ ಮ್ಯಾಲೆ ನಿಂತು ನಲ್ಲಿ ತಿರುವು. ಮಳಿಗಾಲದಾಗ ಸ್ವಲ್ಪ ಜುಮ್ ಅಂತದ."

ನಲ್ಲಿ ಕೆಳಗೆ ನಿಜಕ್ಕೂ ಒಂದು ಕಟ್ಟಿಗೆ ಮಣೆ ಇತ್ತು. ಎರಡು ವರ್ಷದಿಂದ ಹಿಂಗೇ ನಡೆದಿತ್ತಂತೆ. ನಾನು ಕೈ ತೊಳೆಯಲಿಲ್ಲ. ಹೋಗಿ ಮೇನ್ ಇಳಿಸಿದೆ.

ಪಡಸಾಲೆಯಲ್ಲಿ ಕಟ್ಟಿಗೆ ಬೋರ್ಡು, ಅದರ ಮೇಲೆ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸು. ಫ್ಯೂಸ್ ತಂತಿ ಇರಬೇಕಾದ ಜಾಗದಲ್ಲಿ ಯಾರೋ ನಾಲ್ಕೈದು ಎಳೆ ತಾಮ್ರ ಹೊಸೆದು ಬಿಗಿದಿದ್ದರು. ವೈರ್ ಸುಟ್ಟರೂ ಅದು ಹಾರಲ್ಲ. ಕರೆಂಟ್ ವಾಪಸ್ ಹೋಗುವ ತಂತಿ, ಅಂದರೆ ನ್ಯೂಟ್ರಲ್‌ಗೂ ಒಂದು ಫ್ಯೂಸ್ ಇತ್ತು. ಹಳೇ ಮನೆಗಳಲ್ಲಿ ನನಗೆ ಜಾಸ್ತಿ ಹೆದರಿಕೆ ಇದರದ್ದೇ. ನ್ಯೂಟ್ರಲ್ ಫ್ಯೂಸ್ ಹೋದರೆ ಲೈಟ್ ಆರುತ್ತದೆ, ಕರೆಂಟ್ ಹೋಯಿತು ಅಂತ ಕೈ ಹಾಕುತ್ತೇವೆ. ಕರೆಂಟ್ ತರುವ ಫೇಸ್ ತಂತಿ ಮಾತ್ರ ಜೀವಂತ ಅಲ್ಲೇ ಕೂತಿರುತ್ತದೆ.

ಆದರೆ ನಲ್ಲಿಯ ಜುಮ್ ಇದರಿಂದ ಬಂದದ್ದಲ್ಲ. ಸೋರಿದ ಕರೆಂಟನ್ನು ಮಣ್ಣಿಗೆ ಇಳಿಸುವುದು ಅರ್ಥಿಂಗ್ ತಂತಿ. ಬೋರ್ಡಿನಿಂದ ಇಳಿದ ಆ ತಂತಿಯ ಬೆನ್ನು ಹತ್ತಿದೆ. ಗೋಡೆಗುಂಟ ಹೋಗಿ ಬಚ್ಚಲ ಹಿಂದೆ ನೀರಿನ ಕಬ್ಬಿಣದ ಪೈಪಿಗೆ ಸುತ್ತಿತ್ತು. ಆಗ ಹಂಗೇ ಮಾಡುತ್ತಿದ್ದರು. ಪೈಪ್ ನೆಲದೊಳಗೆ ದೂರ ಹೋಗುತ್ತಿತ್ತಲ್ವಾ, ನಡೆಯುತ್ತಿತ್ತು. ಎರಡು ವರ್ಷದ ಹಿಂದೆ ಹೊರಗಿನ ಪೈಪ್ ತುಕ್ಕು ಹಿಡಿಯಿತು ಅಂತ ಪಿವಿಸಿ ಹಾಕಿಸಿದ್ದರು. ಅರ್ಥಿಂಗ್ ಅವತ್ತೇ ಸತ್ತಿತ್ತು. ಗೋಡೆಯೊಳಗಿನ ಕಬ್ಬಿಣದ ತುಂಡು ಮಾತ್ರ ಉಳಿದಿತ್ತು, ಎಲ್ಲ ನಲ್ಲಿಗಳೂ ಅದಕ್ಕೇ.

ಗೀಸರಿನ ಕಾಯಿಲ್‌ನಿಂದ ಕರೆಂಟ್ ಸೋರುತ್ತಿತ್ತು. ಆ ಕರೆಂಟ್ ಮಣ್ಣಿಗಿಳಿಯಲು ದಾರಿ ಇಲ್ಲದೆ ಅರ್ಥಿಂಗ್ ತಂತಿ ಹಿಡಿದು ನಲ್ಲಿಗೆ ಬರುತ್ತಿತ್ತು. ಕಾಪಾಡಬೇಕಾದ ತಂತಿಯೇ ಶಾಕ್ ತಂದು ಕೊಡುತ್ತಿತ್ತು.

ಖಾತ್ರಿಗೆ ಮೇನ್ ಏರಿಸಿ, ಫೇಸ್ ಮತ್ತು ಅರ್ಥಿಂಗ್ ನಡುವೆ 100 ವ್ಯಾಟ್ ಬಲ್ಬ್ ಹಿಡಿದೆ. ಅರ್ಥಿಂಗ್ ಸರಿ ಇದ್ದರೆ ಉರಿಯಬೇಕಿತ್ತು, ಮಿಣಕ್ ಅನ್ನಲಿಲ್ಲ. ಈ ಪರೀಕ್ಷೆ ನೀವು ಮಾಡಬೇಡಿ. ಅರ್ಥಿಂಗ್ ಸತ್ತಿದ್ದರೆ ಆ ಕ್ಷಣ ಬಲ್ಬಿನ ಮೂಲಕ ಮನೆಯ ನಲ್ಲಿ, ಫ್ರಿಜ್ ಎಲ್ಲಕ್ಕೂ ಕರೆಂಟ್ ಹಾಯುತ್ತದೆ. ನಾನು ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿದ್ದೆ.

ಹಿತ್ತಲಲ್ಲಿ ಗುಂಡಿ ತೋಡಿಸಿ ಎರಡೂವರೆ ಮೀಟರ್ ಜಿಐ ಪೈಪ್ (ಸತು ಲೇಪಿಸಿದ ಕಬ್ಬಿಣದ್ದು) ಇಳಿಸಿದೆವು, ಸುತ್ತ ಇದ್ದಿಲು, ಉಪ್ಪು. ಗೀಸರ್ ಬದಲಾಯಿತು. ನ್ಯೂಟ್ರಲ್ ಫ್ಯೂಸ್ ತೆಗೆದೆ. ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್ಚು, 30 ಮಿಲಿಆಂಪ್‌ನ ಆರ್‌ಸಿಸಿಬಿ ಕೂರಿಸಿದೆ. ಏರಿಸಿದ ಕೂಡಲೇ ಟಪ್ ಅಂತ ಬಿತ್ತು. ಮತ್ತೆ ಏರಿಸಿದರೆ ಮತ್ತೆ ಟಪ್. ಆಯಿಯ ಮಗನಿಗೆ ಸಿಟ್ಟು ಬಂತು: "ಮೊದಲ ಎಲ್ಲಾ ಚಲೋ ಇತ್ತಲ್ರೀ!"

ಒಂದೊಂದೇ ಲೈನ್ ಬಿಚ್ಚಿ, ವೈರಿನ ಹೊದಿಕೆ ಕರೆಂಟನ್ನು ಎಷ್ಟು ತಡೆಯುತ್ತದೆ ಅಂತ ಅಳೆಯುವ ಮೆಗ್ಗರ್ ಹಿಡಿದೆ. ಅಟ್ಟದ ಲೈನ್ ಕಾಲು ಮೆಗಾಓಮ್ ಕೂಡ ತೋರಿಸಲಿಲ್ಲ. ಕನಿಷ್ಠ ಒಂದಾದರೂ ಬೇಕು. ಬ್ಯಾಟರಿ ಹಿಡಿದು ಹತ್ತಿ ನೋಡಿದೆ. ಕಟ್ಟಿಗೆ ಪಟ್ಟಿಯ ಮೇಲಿನ ಹಳೇ ವೈರಿಂಗ್, ರಬ್ಬರಿನ ಮೇಲೆ ನೂಲಿನ ಹೊದಿಕೆ. ಬೆರಳು ತಾಗಿದರೆ ರಬ್ಬರ್ ಹಳೇ ಚಕ್ಕುಲಿ ಹಂಗೆ ಉದುರಿತು. ಪಕ್ಕದಲ್ಲೇ ಹಂಚಿನಿಂದ ಮಳೆನೀರು ಇಳಿದ ಗುರುತು, ಇಲಿ ಹಿಕ್ಕೆ.

ಅಟ್ಟದ ವೈರಿಂಗ್ ದೀಪಾವಳಿ ಆದ ಮೇಲೆ ನೋಡೋಣ ಅಂದರು. ಸರಿ ಅಂದೆ. ಆ ಲೈನಿನ ವೈರ್ ಬಿಚ್ಚಿ, ಫ್ಯೂಸ್ ಕಿತ್ತು ನನ್ನ ಚೀಲಕ್ಕೆ ಹಾಕಿಕೊಂಡೆ. ಇನ್ನೂ ನನ್ನ ಹತ್ತಿರವೇ ಇದೆ.