ಪುಟ್ಟ ಮಕ್ಕಳ ಜೊತೆ ಹೀಗೆ ಮಾತಾಡಿ

ನಮ್ಮ ದಾವಣಗೆರೆ ಗುಂಪಿನ ಅಪ್ಪ-ಅಮ್ಮಂದಿರಿಗೆ ಒಂದು ಸಲಹೆ. ಮಾತು ಬರಲಿ ಅಂತ ಕೂಸಿನ ಮುಂದೆ ಮೊಬೈಲಿನಲ್ಲಿ ಹಾಡು ಹಾಕಿ ಕೂರಿಸಬೇಡಿ. ಮೊಬೈಲು ಮಗುವಿಗೆ ಉತ್ತರ ಕೊಡುವುದಿಲ್ಲ. ಮಗು "ಬಾ ಬಾ" ಅಂದಾಗ ನೀವು ಮುಖ ನೋಡಿ ನಕ್ಕು "ಬಾ ಬಾ ಅಂತೀಯಾ ಕಂದಾ" ಅಂದರೆ, ಅದು ಮತ್ತೆ ಕೂಗುತ್ತದೆ. ಮಾತು ಬೆಳೆಯುವುದೇ ಹೀಗೆ.

ಮಾಡುವ ಕೆಲಸವನ್ನೇ ಹೇಳುತ್ತಾ ಹೋಗಿ. ಒಗ್ಗರಣೆ ಮಂಡಕ್ಕಿ ಮಾಡುವಾಗ "ಮಂಡಕ್ಕಿ ನೆನೆಸಿದೆ, ಈಗ ಹಿಂಡಿದೆ" ಅನ್ನಿ. ಕುಂದುವಾಡ ಕೆರೆ ಹತ್ತಿರ ಮಗು ಹಕ್ಕಿಯತ್ತ ಬೆರಳು ತೋರಿಸಿದರೆ, ಆಗಲೇ "ಹಕ್ಕಿ! ಬಿಳಿ ಹಕ್ಕಿ ಹಾರಿತು" ಅನ್ನಿ. ತಾನು ನೋಡುತ್ತಿರುವುದರ ಹೆಸರನ್ನು ಮಗು ಬೇಗ ಹಿಡಿಯುತ್ತದೆ. ಏನಾದರೂ ಕೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಕಾಯಿರಿ. "ಹಾಯು" ಅಂದರೆ ಗದರಿ ತಿದ್ದಬೇಡಿ, "ಹೌದಾ, ಹಾಲು ಬೇಕಾ?" ಅಂದರೆ ಸಾಕು.

ಮನೆಯಲ್ಲಿ ಕನ್ನಡದ ಜೊತೆ ಉರ್ದುವೋ ಲಂಬಾಣಿಯೋ ಇದ್ದರೆ ಎರಡನ್ನೂ ಮಾತಾಡಿ. ಮಕ್ಕಳು ಎರಡನ್ನೂ ಕಲಿಯುತ್ತವೆ.

ಸಾಮಾನ್ಯವಾಗಿ 1 ವರ್ಷದ ಹೊತ್ತಿಗೆ ಮೊದಲ ಪದ, 2 ವರ್ಷಕ್ಕೆ "ಅಮ್ಮ ಬಾ" ಥರ ಎರಡು ಪದ ಬರುತ್ತವೆ. "ಗಂಡು ಮಗು, ಲೇಟಾಗಿ ಮಾತಾಡುತ್ತೆ ಬಿಡು" ಅಂತ ಮನೆಯಲ್ಲಿ ಹೇಳುತ್ತಾರೆ ಅಲ್ವಾ? ದಯವಿಟ್ಟು ಅದನ್ನು ನಂಬಿ ಕಾಯಬೇಡಿ. 2 ವರ್ಷವಾದರೂ ಎರಡು ಪದ ಜೋಡಿಸದಿದ್ದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಹೆಚ್ಚಿನ ನೆರವು ಬೇಕಾದರೆ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲೇ ಇದೆ.